ಡಯಾಲಿಸಿಸ್‌ನ ಒಂದು ಸರದಿಗೆ ನಿಜವಾಗಿ ಎಷ್ಟು ಖರ್ಚು?

ಸರ್ಕಾರಿ ಆಸ್ಪತ್ರೆಯೊಂದರ ಡಯಾಲಿಸಿಸ್ ಘಟಕದ ವೆಚ್ಚದ ಲೆಕ್ಕ ತೆಗೆಯಲು ಕುಳಿತಾಗ ಲೆಕ್ಕಪತ್ರ ವಿಭಾಗದವರು ಮೊದಲು ಹೇಳಿದ್ದು, ‘ಯಂತ್ರಗಳಿಗೆ ಖರ್ಚೇ ಇಲ್ಲ ಸರ್, ದಾನಿಗಳು ಕೊಟ್ಟದ್ದು.’ ಅವರ ಪುಸ್ತಕದಲ್ಲಿ ಅದು ಸರಿ. ಆರ್ಥಿಕ ಮೌಲ್ಯಮಾಪನದಲ್ಲಿ ದಾನದ ಯಂತ್ರಕ್ಕೂ ಬೆಲೆ ಕಟ್ಟಬೇಕು. ಇಲ್ಲಿ ಇಲ್ಲದಿದ್ದರೆ ಅದು ಇನ್ನೊಂದು ಆಸ್ಪತ್ರೆಯಲ್ಲಿ ಓಡುತ್ತಿತ್ತಲ್ಲ!

ಹಾಗಾಗಿ ಮಾರುಕಟ್ಟೆ ದರ ಹಿಡಿದೆ. ಯಂತ್ರಕ್ಕೆ 7 ಲಕ್ಷ ರೂಪಾಯಿ, ಬಾಳಿಕೆ 10 ವರ್ಷ ಎಂದುಕೊಳ್ಳಿ. ಬರೀ ಭಾಗಿಸಿದರೆ ವರ್ಷಕ್ಕೆ 70,000. ಆದರೆ ತೊಡಗಿಸಿದ ಹಣ ಅಷ್ಟು ಕಾಲ ಬೇರೆಲ್ಲೂ ದುಡಿಯುವುದಿಲ್ಲ. ಇಂಥ ಮೌಲ್ಯಮಾಪನಕ್ಕೆ ಭಾರತದ ಮಾರ್ಗಸೂಚಿ ಹೇಳುವ ಶೇ 3ರ ದರ ಸೇರಿಸಿದರೆ ವರ್ಷಕ್ಕೆ ಸುಮಾರು 82,000 ಆಗುತ್ತದೆ.

ನೀರಿಗೆ ಪ್ರತ್ಯೇಕ ಬಿಲ್ಲೇ ಇರಲಿಲ್ಲ. ನಿಮಿಷಕ್ಕೆ 500 ಮಿಲಿಲೀಟರ್‌ನಂತೆ ನಾಲ್ಕು ಗಂಟೆ ಹರಿದರೆ 120 ಲೀಟರ್ ಶುದ್ಧ ನೀರು. ಆರ್‌ಒ ಘಟಕ ಹೊರಚೆಲ್ಲುವುದು ಬೇರೆ. ವಿದ್ಯುತ್ ಬಿಲ್ಲನ್ನು ಚದರಡಿ ಲೆಕ್ಕದಲ್ಲಿ ಹಂಚುವ ರೂಢಿ ಇಲ್ಲಿಗೆ ಒಗ್ಗುವುದಿಲ್ಲ. ಯಂತ್ರ ಓಡಿದ ಗಂಟೆಗಳನ್ನೇ ಹಿಡಿದೆ.

ಇಷ್ಟೆಲ್ಲ ಮಾಡಿದರೂ ಅದು ಆಸ್ಪತ್ರೆಯ ಖರ್ಚು ಮಾತ್ರ. ಚಿಕಿತ್ಸೆಗಳು ಅವುಗಳ ವೆಚ್ಚಕ್ಕೆ ತಕ್ಕವೇ ಎಂದು ತೂಗಿ ನೋಡುವ ಇಂಗ್ಲೆಂಡಿನ ನೈಸ್ ಸಂಸ್ಥೆ ಮುಖ್ಯವಾಗಿ ಸರ್ಕಾರಿ ಆರೋಗ್ಯ ಮತ್ತು ಸಾಮಾಜಿಕ ಸೇವೆಯ ವೆಚ್ಚವನ್ನೇ ನೋಡುತ್ತದೆ. ನಮ್ಮಲ್ಲಿ ಜನ ಕೈಯಿಂದ ಹಾಕುವ ಹಣವೂ ದೊಡ್ಡದು, ಆದ್ದರಿಂದ ಕೇಂದ್ರದ ಆರೋಗ್ಯ ಸಂಶೋಧನಾ ಇಲಾಖೆಯಡಿ ಇಂಥದೇ ಕೆಲಸ ಮಾಡುವ ಎಚ್‌ಟಿಎಇನ್ ಸಮಾಜದ ಒಟ್ಟು ವೆಚ್ಚ ಕೇಳುತ್ತದೆ. ಅದು ನ್ಯಾಯವೂ ಹೌದು.

ರೋಗಿಗಳನ್ನು ‘ಎಷ್ಟು ಖರ್ಚಾಯಿತು?’ ಎಂದು ಕೇಳಿದರೆ ‘ಏನೂ ಇಲ್ಲ, ಎಲ್ಲ ಉಚಿತ’ ಎನ್ನುತ್ತಾರೆ. ಅದಕ್ಕೇ ಪ್ರಶ್ನೆಗಳನ್ನು ಬಿಡಿಸಿದೆ: ಮನೆ ಬಿಟ್ಟದ್ದು ಎಷ್ಟು ಹೊತ್ತಿಗೆ? ಬಸ್ಸೋ ಆಟೋವೋ? ಜೊತೆಗೆ ಬಂದವರು ಯಾರು, ಅವರ ಇವತ್ತಿನ ಕೂಲಿ? ಹೊಲದ ಕೆಲಸ ಬಿಟ್ಟು ಬಂದ ಹೆಂಡತಿಗೆ ಸಂಬಳದ ಚೀಟಿ ಇರುವುದಿಲ್ಲ. ಸ್ಥಳೀಯ ಕೂಲಿ ದರ ಹಾಕಿದೆ. ಆ ದಿನವನ್ನು ಸೊನ್ನೆ ಎಂದು ಬರೆಯಲು ನನಗೆ ಮನಸ್ಸಿಲ್ಲ.

ಹೊಟ್ಟೆಯೊಳಗೆ ದ್ರಾವಣ ತುಂಬಿಸಿ ಮನೆಯಲ್ಲೇ ಮಾಡಿಕೊಳ್ಳುವ ಪೆರಿಟೋನಿಯಲ್ ಡಯಾಲಿಸಿಸ್‌ ಜೊತೆ ಹೋಲಿಸುವಾಗ ಕುಟುಂಬದ ಈ ಖರ್ಚೇ ನಿರ್ಣಾಯಕ. ಅದರ ದ್ರಾವಣದ ಚೀಲಗಳ ಬೆಲೆ ಬಿಲ್ಲಿನಲ್ಲಿ ಕಣ್ಣಿಗೆ ಹೊಡೆಯುತ್ತದೆ. ವಾರಕ್ಕೆ ಎರಡು ಮೂರು ಸಲದ ಓಡಾಟ ಉಳಿದದ್ದು ಯಾವ ಬಿಲ್ಲಿನಲ್ಲೂ ಕಾಣುವುದಿಲ್ಲ. ವರದಿಯಲ್ಲಿ ಎರಡನ್ನೂ ಕೂಡಿಸಿ ಒಂದೇ ಮೊತ್ತ ಕೊಡಲಿಲ್ಲ. ಸರ್ಕಾರದ ವೆಚ್ಚಕ್ಕೆ ಒಂದು ಅಂಕಣ, ಕುಟುಂಬದ್ದಕ್ಕೆ ಪಕ್ಕದಲ್ಲೇ ಇನ್ನೊಂದು.