ನಿಧಾನವೇ ಪ್ರಧಾನ ಅಂದ್ರೆ ಬ್ರಿಟನ್ನಿನಲ್ಲಿ ಫೇಲ್!

ಬೆಂಗಳೂರಿನಲ್ಲಿ ಹತ್ತು ವರ್ಷ ಕಾರು ಓಡಿಸಿ ಬಂದವರು ಇಲ್ಲಿನ ಡ್ರೈವಿಂಗ್ ಟೆಸ್ಟಿನಲ್ಲಿ ಎಡವಿದ್ದನ್ನು ಬೇಕಾದಷ್ಟು ನೋಡಿದ್ದೇನೆ. ನಾನೂ ಎಡವಿದ್ದೇನೆ. ಬ್ರಿಟನ್ನಿಗೆ ನೆಲೆಸಲು ಬಂದವರಿಗೆ ಭಾರತದ ಲೈಸೆನ್ಸ್ 12 ತಿಂಗಳು ಮಾತ್ರ ನಡೆಯುತ್ತದೆ. ಆಮೇಲೆ ಥಿಯರಿ, ರೋಡ್ ಟೆಸ್ಟ್ ಎಲ್ಲ ಹೊಸದಾಗಿ ಪಾಸಾಗಬೇಕು.

ಹಂತ 1: 20 ಮೀಟರ್ ದೂರದ ನಂಬರ್ ಪ್ಲೇಟ್ ಓದಿ ತೋರಿಸಬೇಕು. ಕನ್ನಡಕ ಮರೆಯಬೇಡಿ.

ಹಂತ 2: ವೇಗದ ಮಿತಿ. ಬೀದಿದೀಪ ಇರುವ ರಸ್ತೆಯಲ್ಲಿ ಬೇರೆ ಬೋರ್ಡ್ ಇಲ್ಲದಿದ್ದರೆ ಗಂಟೆಗೆ 30 ಮೈಲಿ. ವೇಲ್ಸ್‌ನಲ್ಲಿ 2023ರಿಂದ 20. ಬಿಳಿ ಬೋರ್ಡಿನ ಮೇಲೆ ಕಪ್ಪು ಓರೆ ಪಟ್ಟಿ ಕಂಡರೆ ಮಿತಿಯೇ ಇಲ್ಲ ಅಂದುಕೊಳ್ಳಬೇಡಿ. ಕಾರಿಗೆ 60, ನಡುವೆ ಡಿವೈಡರ್ ಇದ್ದರೆ 70.

ಹಂತ 3: ಮುಂದೆ ಸಾಗುವುದು. ಎಲ್ಲರೂ ಬೀಳುವುದು ಇಲ್ಲೇ. ಪರೀಕ್ಷಕರ ತಪ್ಪುಗಳ ಪಟ್ಟಿಯಲ್ಲಿ ಜೋರಾಗಿ ಹೋದದ್ದಕ್ಕೆ ಒಂದು ಕಾಲಂ ಇದ್ದರೆ, ಸುಮ್ನೆ ತೆವಳಿದ್ದಕ್ಕೂ ಅನುಮಾನಿಸಿ ನಿಂತದ್ದಕ್ಕೂ ಬೇರೆ ಕಾಲಂ ಇದೆ. ಸಣ್ಣ ತಪ್ಪು 15ರವರೆಗೆ ನಡೆಯುತ್ತದೆ. ಗಂಭೀರ ತಪ್ಪು ಒಂದಾದರೂ ಫೇಲ್. ಒಂದೇ ಸಣ್ಣ ತಪ್ಪನ್ನು ಮತ್ತೆ ಮತ್ತೆ ಮಾಡಿದರೆ ಅದೂ ಗಂಭೀರವಾಗಬಹುದು. 60ರ ರಸ್ತೆ ಖಾಲಿ ಇದೆ, ಒಣಗಿದೆ, ಆದರೂ ನೀವು 40ರಲ್ಲಿ ಹೋದರೆ ಗುರುತು ಬೀಳುತ್ತದೆ. ಮಳೆ, ತಿರುವು, ಸೈಕಲ್ ಇದ್ದರೆ ಅದೇ 40 ಸರಿ.

ನಾನು ಫೇಲಾದದ್ದು ರೌಂಡಬೌಟಿನಲ್ಲಿ, ಅಂದರೆ ನಮ್ಮೂರ ಸರ್ಕಲ್ಲಿನಂಥ ಕಡೆ. ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕು, ಬಿಟ್ಟೆ. ಬಿಡುತ್ತಲೇ ಇದ್ದೆ. ಬಸ್ಸೇ ನುಗ್ಗುವಷ್ಟು ಜಾಗ ಎರಡು ಸಲ ಸಿಕ್ಕಿತು, ಹೋಗಲಿಲ್ಲ. ಹಿಂದಿನವರು ಯಾರೂ ಹಾರ್ನ್ ಹೊಡೆಯಲಿಲ್ಲ. ನಮ್ಮೂರಲ್ಲಾಗಿದ್ದರೆ ಹಾರ್ನೇ ಹೇಳಿಕೊಡುತ್ತಿತ್ತು ಅಲ್ವಾ?

ಹೀಗೆ ಮಾಡಿ: ದೂರದಲ್ಲೇ ಕನ್ನಡಿ ನೋಡಿ, ವೇಗ ತಗ್ಗಿಸಿ ಎರಡನೇ ಗೇರಿಗೆ ಬನ್ನಿ. ಗಾಡಿ ಉರುಳುತ್ತಿರುವಾಗಲೇ ಬಲಕ್ಕೆ ನೋಡಿ. ನೀವು ನುಗ್ಗಿದರೆ ಬರುವ ಕಾರು ಬ್ರೇಕ್ ಹಾಕಬೇಕಾಗುತ್ತದೆಯೇ? ಹೌದಾದರೆ ನಿಲ್ಲಿ, ಇಲ್ಲವಾದರೆ ಹೋಗಿ. ನಿಂತ ಮೇಲೆ ನೋಡುವ ಅಭ್ಯಾಸ ಬಿಡಿ, ಮೊದಲು ನೋಡಿ, ಬೇಕಿದ್ದರೆ ಮಾತ್ರ ನಿಲ್ಲಿ. ಒಂದನೇ ಗೇರು ಪೂರ್ತಿ ನಿಂತ ಮೇಲೇ.

ಟೆಸ್ಟ್ ರೂಟ್ ಮಾರುವ ಆ್ಯಪ್‌ಗಳಿಗೆ ದುಡ್ಡು ಸುರಿಯಬೇಡಿ. ದಾರಿ ಬಾಯಿಪಾಠವಾದರೂ ಎದುರಿನ ಕಾರು ಬಾಯಿಪಾಠ ಆಗಲ್ಲ. ಅದರ ಬದಲು ಭಾನುವಾರ ಬೆಳಿಗ್ಗೆ ಒಂದೇ ರೌಂಡಬೌಟನ್ನು ಬೇರೆ ಬೇರೆ ದಿಕ್ಕಿನಿಂದ ಹತ್ತು ಸಲ ದಾಟಿ. ರೌಂಡಬೌಟಿನ ಅಂಚಿನ ಗೆರೆ ತಲುಪುವ ಮುಂಚೆ "ಹೋಗ್ತೀನಿ" ಅಥವಾ "ನಿಲ್ತೀನಿ" ಅಂತ ಬಾಯಿಬಿಟ್ಟು ಹೇಳಿ. ಟೆಸ್ಟಿನ ದಿನವೂ ಹೇಳಬಹುದು, ಪರೀಕ್ಷಕರಿಗೆ ಕನ್ನಡ ಬರುವ ಸಾಧ್ಯತೆ ಕಡಿಮೆ.