ಮುಳ್ಳು ಸೊನ್ನೆಗೆ ಬಂದ ಮೇಲೆಯೇ ಸ್ಪ್ಯಾನರ್: ಎಕ್ಸ್‌ಕವೇಟರ್ ಪ್ರೆಶರ್ ಇಳಿಸುವ ನನ್ನ ಪದ್ಧತಿ

ಎಕ್ಸ್‌ಕವೇಟರ್‌ನ ಬೂಮ್ (ದೊಡ್ಡ ತೋಳು) ಎತ್ತುವ ಎಣ್ಣೆಯ ಹೋಸ್ ಬಿಚ್ಚುವ ಮೊದಲು ಒಳಗಿನ ಒತ್ತಡ ಇಳಿಸಬೇಕು. ಸಂಡೂರು, ಹೊಸಪೇಟೆ ಕಡೆ ಅದರ ಕ್ರಮ ಎಲ್ಲರಿಗೂ ಬಾಯಿಪಾಠ. ಬಕೆಟ್ ನೆಲಕ್ಕೆ, ಎಂಜಿನ್ ಬಂದ್, ಲಿವರ್ ನಾಲ್ಕು ಕಡೆಗೂ ಅಲ್ಲಾಡಿಸುವುದು, ನಟ್‌ಗೆ ಬಟ್ಟೆ ಸುತ್ತಿ ಮುಖ ತಿರುಗಿಸಿಕೊಂಡು ಅರ್ಧ ಸುತ್ತು ಸಡಿಲಿಸುವುದು. ನಾನು ಆ ದಾರಿ ಬಿಟ್ಟು ನಾಲ್ಕೈದು ವರ್ಷಗಳಾದವು. ಬೂಮ್ ಲೈನಿನಲ್ಲೇ ಒಂದು ಟೀ (ಮೂರು ಬಾಯಿಯ ಜೋಡಣೆ ತುಂಡು), ಅದಕ್ಕೊಂದು ಗೇಜ್, ಅಲ್ಲಿಂದ ಟ್ಯಾಂಕಿಗೆ ಎಣ್ಣೆ ಬಿಡುವ ಒಂದು ಸಣ್ಣ ಬ್ಲೀಡ್ ಹೋಸ್. ಮುಳ್ಳು ಸೊನ್ನೆ ತೋರಿಸದೆ ಸ್ಪ್ಯಾನರ್ ಎತ್ತುವುದಿಲ್ಲ. ಶುರುವಿನಲ್ಲಿ ಒಬ್ಬ ಹಿರಿಯ ಮೇಸ್ತ್ರಿ, "ಏನು ತಮ್ಮಾ, ಮೆಷಿನ್‌ಗೆ ಬಿ.ಪಿ. ನೋಡುತ್ತೀಯಾ?" ಎಂದು ನಕ್ಕಿದ್ದರು. ಹೋದ ಬೇಸಿಗೆಯಲ್ಲಿ ಅವರೇ ಫೋನ್ ಮಾಡಿ ಆ ಟೀ ತುಂಡು ಎಲ್ಲಿ ಸಿಗುತ್ತದೆ ಎಂದು ಕೇಳಿದರು. ಆ ಧೈರ್ಯದಲ್ಲೇ ಬರೆಯುತ್ತಿದ್ದೇನೆ.

ಲಿವರ್ ಅಲ್ಲಾಡಿಸುವುದು ತಪ್ಪೆಂದು ನಾನು ಹೇಳುವುದಿಲ್ಲ, ಅದೊಂದನ್ನೇ ನಂಬಬಾರದು. ಎಂಜಿನ್ ನಿಂತ ಮೇಲೆ ಸ್ಪೂಲ್ (ವಾಲ್ವಿನೊಳಗೆ ಎಣ್ಣೆಯ ದಾರಿ ತೆರೆದು ಮುಚ್ಚುವ ಕಡ್ಡಿ) ಸರಿಯುವುದು ಪೈಲಟ್ ಅಕ್ಯುಮುಲೇಟರ್‌ನಲ್ಲಿ, ಅಂದರೆ ನೈಟ್ರೋಜನ್ ಒತ್ತಡದಲ್ಲಿ ಸ್ವಲ್ಪ ಎಣ್ಣೆ ಕೂಡಿಡುವ ಪುಟ್ಟ ಪಾತ್ರೆಯಲ್ಲಿ, ಉಳಿದ ಎಣ್ಣೆಯಿಂದ. ಅದು ಕೆಲವೇ ಸಲಕ್ಕೆ ಸಾಲುತ್ತದೆ. ಕೀ ಆನ್ ಇರಬೇಕು, ಸೇಫ್ಟಿ ಲಿವರ್‌ನ ಲಾಕ್ ಬಿಡಿಸಿರಬೇಕು. ಹಳೆಯ ಮೆಷಿನ್‌ಗಳಲ್ಲಿ ಅಕ್ಯುಮುಲೇಟರ್‌ನ ನೈಟ್ರೋಜನ್ ಯಾವಾಗಲೋ ಸೋರಿ ಹೋಗಿರುತ್ತದೆ. ಆಗ ಲಿವರ್ ಎಷ್ಟು ತಿರುವಿದರೂ ಸ್ಪೂಲ್ ಕದಲುವುದಿಲ್ಲ, ಬೂಮ್ ತಾನಾಗಿ ಇಳಿಯದಂತೆ ಎಣ್ಣೆ ತಡೆದಿಡುವ ಹೋಲ್ಡಿಂಗ್ ವಾಲ್ವ್ ತೆರೆಯುವುದಿಲ್ಲ, ಒತ್ತಡ ಇದ್ದಲ್ಲೇ ಇರುತ್ತದೆ. ಕ್ಯಾಬಿನ್‌ನಲ್ಲಿ ಕುಳಿತವನು ಮಾತ್ರ "ಎಲ್ಲ ಇಳಿಯಿತು ಅಣ್ಣಾ" ಎಂದು ಕೂಗುತ್ತಾನೆ. ನಾನು ಯಾವ ಮೆಷಿನ್‌ಗೆ ಹೋದರೂ ಮೊದಲು ಬೂಮ್ ಒಂದು ಅಡಿ ಎತ್ತಿಸಿ, ಯಾರೂ ಹತ್ತಿರ ಇಲ್ಲದಂತೆ ನೋಡಿ, ಎಂಜಿನ್ ನಿಲ್ಲಿಸಿ, ಕೀ ಆನ್ ಮಾಡಿಸಿ ಲಿವರ್‌ನಿಂದ ಬೂಮ್ ಇಳಿಸಲು ಹೇಳುತ್ತೇನೆ. ಬೂಮ್ ಇಳಿದರೆ ಅಕ್ಯುಮುಲೇಟರ್‌ಗೆ ಜೀವ ಇದೆ. ಇಳಿಯದಿದ್ದರೆ ಆ ಮೆಷಿನ್‌ನಲ್ಲಿ ಲಿವರ್ ಅಲ್ಲಾಡಿಸುವುದು ಬರೀ ಶಾಸ್ತ್ರ. ನಮ್ಮ ಕಡೆ ಹತ್ತು ಸಾವಿರ ಗಂಟೆ ದಾಟಿದ ಮೆಷಿನ್‌ಗಳಲ್ಲಿ ಹೆಚ್ಚುಕಡಿಮೆ ಅರ್ಧ ಹೀಗೇ ಇವೆ.

ಇನ್ನೊಂದು ಮೋಸ ಪಂಪ್ ಗೇಜಿನದು. ಕೆಲಸದ ಹೊತ್ತಿನಲ್ಲಿ 340-350 ಬಾರ್ (ಒತ್ತಡದ ಅಳತೆ) ತೋರಿಸುವ ಪಂಪ್ ಪೋರ್ಟ್ ಎಂಜಿನ್ ನಿಂತ ಕೂಡಲೇ ಸೊನ್ನೆಗೆ ಬರುತ್ತದೆ. ಹೋಲ್ಡಿಂಗ್ ವಾಲ್ವಿನ ಆಚೆ ಬೂಮ್ ಲೈನಿನಲ್ಲಿ ಅದೇ ಹೊತ್ತಿಗೆ ಎಂಬತ್ತೋ ತೊಂಬತ್ತೋ ಬಾರ್ ನಿಂತಿರುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಬಕೆಟ್ ನೆಲಕ್ಕೆ ತಾಗಿದೆ ಎಂದ ಮಾತ್ರಕ್ಕೆ ಭಾರವೆಲ್ಲ ನೆಲದ ಮೇಲಿದೆ ಎಂದಲ್ಲ. ಕೆಲವು ಆಪರೇಟರ್‌ಗಳು ಬಕೆಟ್ಟನ್ನು ಒತ್ತಿ ಚೈನ್ ಸ್ವಲ್ಪ ಎದ್ದಿರುವಂತೆ ನಿಲ್ಲಿಸುತ್ತಾರೆ, ಆಗ ಒತ್ತಡ ಬೂಮ್ ಸಿಲಿಂಡರಿನ ರಾಡ್ ಇರುವ ಕಡೆ ಇರುತ್ತದೆ. ಆದ್ದರಿಂದ ಎರಡೂ ಕಡೆ ನೋಡಬೇಕು.

ಈಗ ಖರ್ಚಿನ ಮಾತು. ಮೊದಲ ಟೀಯನ್ನು ಲೇತ್ ಅಂಗಡಿಯಲ್ಲಿ ಸಾದಾ ಕಬ್ಬಿಣದಲ್ಲಿ ಮಾಡಿಸಿದೆ. ಮುನ್ನೂರು ರೂಪಾಯಿಗೆ ಮುಗಿಯಿತು, ಆದರೆ ವಾರದೊಳಗೆ ವೆಲ್ಡಿಂಗ್ ಬುಡದಲ್ಲಿ ಎಣ್ಣೆ ಜಿನುಗಿತು. ಬೂಮ್ ಲೈನಿನಲ್ಲಿ ವೆಲ್ಡ್ ಮಾಡಿದ ತುಂಡು ಯಾವತ್ತೂ ಬೇಡ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹುಡುಕಿ 400 ಬಾರ್ ಎಂದು ಗುರುತು ಹೊಡೆದ ಫೋರ್ಜ್ ಮಾಡಿದ ಟೀ, ಒತ್ತಡ ಇದ್ದಾಗಲೂ ಜೋಡಿಸಬಹುದಾದ ಟೆಸ್ಟ್ ನಿಪ್ಪಲ್, ಸಣ್ಣ ರಂಧ್ರದ ಟೆಸ್ಟ್ ಹೋಸ್, ಎಣ್ಣೆಯನ್ನು ಸಣ್ಣಗೆ ಬಿಡುವ ನೀಡಲ್ ವಾಲ್ವ್ ತಂದೆ. ಗೇಜ್ ವಿಷಯದಲ್ಲಿ ಎರಡು ಸಲ ದುಡ್ಡು ಹಾಳಾಯಿತು. ಒಣ ಗೇಜ್‌ಗಳ ಮುಳ್ಳು ಅದುರಿ ಅದುರಿ ಕಳಚಿಬಿತ್ತು, ಗ್ಲಿಸರಿನ್ ತುಂಬಿದ್ದೇ ತಡೆದದ್ದು. ಅದನ್ನೂ ಲೈನಿನಲ್ಲಿ ಕಾಯಂ ಬಿಡುವುದಿಲ್ಲ, ಕೆಲಸದ ಹೊತ್ತಿಗೆ ಜೋಡಿಸಿ ತೆಗೆಯುತ್ತೇನೆ. ಒಟ್ಟು ಆರೂವರೆ, ಏಳು ಸಾವಿರ ಆಗಿರಬೇಕು. ಮೆಷಿನ್‌ನಲ್ಲಿ ಉಳಿಯುವುದು ಟೀ, ನಿಪ್ಪಲ್ ಎರಡೇ. ಉಳಿದದ್ದು ನನ್ನ ಪೆಟ್ಟಿಗೆಯಲ್ಲಿ ಎಲ್ಲ ಮೆಷಿನ್‌ಗೂ ಸುತ್ತುತ್ತದೆ. ಟೀಯನ್ನು ಅದಿರಿನ ಕಲ್ಲು ಬಡಿಯದಂತೆ ಎಲ್ಲಿ, ಯಾವ ಕೋನದಲ್ಲಿ ಕೂರಿಸುವುದು ಎಂಬುದನ್ನು ಇಲ್ಲಿ ಹೇಳುವುದಿಲ್ಲ. ನನಗೂ ಹೊಟ್ಟೆಪಾಡು ಇದೆಯಲ್ಲ.

"ಹಿಟಾಚಿ ನಿಂತರೆ ಗಂಟೆಗೆ ಸಾವಿರದಿನ್ನೂರು ಹೋಗುತ್ತದೆ, ನೀನು ಗೇಜ್ ನೋಡುತ್ತಾ ಕೂರುತ್ತೀಯಾ?" ಎಂದು ಮಾಲೀಕರು ರೇಗಿದ್ದರು. ಗೇಜ್ ನೋಡಲು ಬೇಕಾದದ್ದು ಹತ್ತು ನಿಮಿಷ. ಬಟ್ಟೆ ಸುತ್ತಿ ಬಿಚ್ಚಿದರೆ ಹತ್ತರಿಂದ ಹದಿನೈದು ಲೀಟರ್ ಎಣ್ಣೆ ಮಣ್ಣು ಪಾಲು. ಇಪ್ಪತ್ತು ಲೀಟರ್ ಡಬ್ಬಿಗೆ ಈಗ ನಾಲ್ಕು ಸಾವಿರದ ಹತ್ತಿರ ಇದೆ. ಆರಂಭದಲ್ಲಿ ಬ್ಲೀಡ್ ಎಣ್ಣೆಯನ್ನು ಕ್ಯಾನಿಗೆ ಬಿಟ್ಟಿದ್ದೆ. ನೊರೆ ಎದ್ದು ಉಕ್ಕಿತು, ಕೆಂಪು ಧೂಳೂ ಸೇರಿತು. ಈಗ ಟ್ಯಾಂಕಿನ ಬ್ರೀದರ್ (ಗಾಳಿ ಆಡುವ ಮುಚ್ಚಳ) ಒತ್ತಿ ಗಾಳಿ ಬಿಟ್ಟು, ರಿಟರ್ನ್ ಫಿಲ್ಟರ್ ಮೂಲಕವೇ ಒಳಗೆ ಕಳಿಸುತ್ತೇನೆ. ಎಣ್ಣೆಯ ಬಿಲ್ ನೋಡಿದ ಮೇಲೆ ಮಾಲೀಕರು ಆ ಮಾತು ಎತ್ತಿಲ್ಲ.

ಹೆಸರು ಬಂದದ್ದು ಮಾತ್ರ ಒಂದು ಇಪ್ಪತ್ತು ಟನ್ ಮೆಷಿನ್‌ನಿಂದ. ಬೂಮ್ ಪೂರ್ತಿ ಎದ್ದಿರುವಾಗಲೇ ಎಂಜಿನ್ ಸೀಜ್ ಆಗಿತ್ತು. ತುರ್ತಾಗಿ ಇಳಿಸುವ ಸ್ಕ್ರೂ ಅದಿರಿನ ಧೂಳು ಕಟ್ಟಿ, ತುಕ್ಕು ಹಿಡಿದು ಜಾಮ್. ಕ್ರೇನ್ ತರಿಸೋಣ ಎಂದು ಒಬ್ಬರು, ಪೈಪ್ ಹಾಕಿ ಹೋಸ್ ನಟ್ ಒಡೆಯೋಣ ಎಂದು ಇನ್ನೊಬ್ಬರು. ನನ್ನ ಟೀ ಅದರಲ್ಲಿ ಮೊದಲೇ ಕುಳಿತಿತ್ತು. ಬೂಮ್ ಬೀಳಬಹುದಾದ ಜಾಗದಿಂದ ಎಲ್ಲರನ್ನೂ ಆಚೆ ಕಳಿಸಿ, ಉದ್ದದ ಹೋಸ್ ಜೋಡಿಸಿ, ನೀಡಲ್ ವಾಲ್ವ್ ಹಿಡಿದು ಮೆಷಿನ್ ಹಿಂದಿನ ಕೌಂಟರ್‌ವೇಟ್ ಬದಿಯಲ್ಲಿ ನಿಂತೆ. ಗೇಜ್ ನೂರರ ಆಸುಪಾಸು ಇತ್ತು. ಕಾಲು ಸುತ್ತು ತೆರೆದೆ. ಇಪ್ಪತ್ತು ನಿಮಿಷ ಹಿಡಿದಿರಬಹುದು, ಒಂದು ಹನಿ ಚೆಲ್ಲದೆ ಬಕೆಟ್ ನೆಲ ಮುಟ್ಟಿತು. ನೆಲ ಮುಟ್ಟಿದ ಮೇಲೂ ಗೇಜ್‌ನಲ್ಲಿ ಹತ್ತಿಪ್ಪತ್ತು ಬಾರ್ ಉಳಿದಿತ್ತು. ಅದೂ ಹೋಗುವವರೆಗೆ ಕಾದೆ.

ಈ ಪದ್ಧತಿ ನಡೆಯದ ಕಡೆಯನ್ನೂ ಹೇಳಬೇಕು. ಸಿಲಿಂಡರ್ ಮೈಮೇಲೆಯೇ ಲಾಕ್ ವಾಲ್ವ್ ಇರುವ ಮೆಷಿನ್‌ನಲ್ಲಿ ಲೈನಿನ ಗೇಜ್ ಸೊನ್ನೆ ತೋರಿಸಿದರೂ ಸಿಲಿಂಡರ್ ತುಂಬಿಯೇ ಇರುತ್ತದೆ. ಅಲ್ಲಿ ಕಂಪನಿಯ ಸರ್ವಿಸ್ ಪುಸ್ತಕ ನೋಡದೆ ಕೈ ಹಾಕಬೇಡಿ. ಗ್ರೀಸ್ ಒತ್ತಡದಿಂದ ಚೈನ್ ಬಿಗಿ ಮಾಡುವ ಟ್ರ್ಯಾಕ್ ಅಡ್ಜಸ್ಟರ್‌ಗೂ ಗೇಜ್ ಸಾಧ್ಯವಿಲ್ಲ. ಗ್ರೀಸ್ ವಾಲ್ವನ್ನು ನಿಧಾನವಾಗಿ, ಒಂದು ಸುತ್ತಿಗಿಂತ ಹೆಚ್ಚು ಸಡಿಲಿಸದೆ, ಪಕ್ಕಕ್ಕೆ ನಿಂತು ಮಾಡಬೇಕು. ಗ್ರೀಸ್ ಬರದಿದ್ದರೆ ಎಲ್ಲರೂ ದೂರ ಸರಿದು, ಮೆಷಿನ್ ಹಿಂದೆ ಮುಂದೆ ಆಡಿಸಿ ನೋಡಬೇಕೇ ಹೊರತು ವಾಲ್ವ್ ಕಳಚಬಾರದು.

ಬ್ರೇಕರ್ (ಬಕೆಟ್ ಜಾಗಕ್ಕೆ ಹಾಕುವ, ಬಂಡೆ ಒಡೆಯುವ ಸಾಧನ) ಹೋಸ್‌ಗಳ ಮೇಲೂ ಸ್ವಲ್ಪ ಆಟ ಆಡಿದ್ದೇನೆ. ಬ್ರೇಕರ್ ಕಳಚಿ ಕಪ್ಲರ್ (ಜೋಡಣೆ ಬಾಯಿ) ಮುಚ್ಚಿಟ್ಟ ಹೋಸ್ ಬೆಳಿಗ್ಗೆ ಸಲೀಸಾಗಿ ಕೂರುತ್ತದೆ, ಮಧ್ಯಾಹ್ನ ಇಬ್ಬರು ಜಗ್ಗಿದರೂ ಕೂರುವುದಿಲ್ಲ. ಬಳ್ಳಾರಿಯ ನಲವತ್ತು ಡಿಗ್ರಿ ಬಿಸಿಲಿಗೆ ಒಳಗಿನ ಎಣ್ಣೆ ಹಿಗ್ಗಿ, ಹೋಗಲು ಜಾಗವಿಲ್ಲದೆ ಒತ್ತಡ ಕಟ್ಟುತ್ತದೆ. ನಿಪ್ಪಲ್ ಹಾಕಿ ನೋಡಿದಾಗ ಬೆಳಿಗ್ಗೆ ಸೊನ್ನೆ ಇದ್ದದ್ದು ಎರಡು ಗಂಟೆಗೆ ಐವತ್ತು ದಾಟಿತ್ತು. ಒದ್ದೆ ಗೋಣಿಚೀಲ ಹೊದಿಸಿದರೆ ಇಳಿಯುತ್ತದೆ, ಆದರೆ ಅರ್ಧ ಗಂಟೆ ಬೇಕು. ಸುತ್ತಿಗೆಯಿಂದ ಕಪ್ಲರ್ ಬಾಯಿ ಬಡಿದು ಎಣ್ಣೆ ಚಿಮ್ಮಿಸುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಏಕೆಂದರೆ ಕೂದಲೆಳೆಯಷ್ಟು ರಂಧ್ರದಿಂದ ಬರುವ ಎಣ್ಣೆ ಚರ್ಮ ತೂರಿ ಒಳಗೆ ಹೋಗುತ್ತದೆ. ಪರಿಚಯದ ಹೆಲ್ಪರ್ ಒಬ್ಬ ಸೋರಿಕೆ ಹುಡುಕಲು ಅಂಗೈ ಸವರಿದ್ದ. ಸೂಜಿ ಚುಚ್ಚಿದಷ್ಟು ಗುರುತು, ನೋವೂ ಇರಲಿಲ್ಲ. ಸಂಜೆಗೆ ಕೈ ಊದಿತು, ಕಡೆಗೆ ಒಂದು ಬೆರಳು ತೆಗೆಯಬೇಕಾಯಿತು. ನೋವಿಲ್ಲದಿದ್ದರೂ ತಕ್ಷಣ ಶಸ್ತ್ರಚಿಕಿತ್ಸೆ ಇರುವ ದೊಡ್ಡ ಆಸ್ಪತ್ರೆಗೆ ಹೋಗಿ, "ಹೈಡ್ರಾಲಿಕ್ ಎಣ್ಣೆ ಒತ್ತಡದಲ್ಲಿ ಒಳಗೆ ಹೋಗಿದೆ" ಎಂದು ಬಿಡಿಸಿ ಹೇಳಬೇಕು. ಸೋರಿಕೆ ಹುಡುಕಲು ರಟ್ಟು ಹಿಡಿಯಿರಿ.

ಸದ್ಯಕ್ಕೆ ನಮ್ಮ ಮಾಲೀಕರ ಎಲ್ಲ ಮೆಷಿನ್‌ಗಳ ಬೂಮ್ ಲೈನಿಗೂ ಟೀ ಕುಳಿತಿದೆ. ಆರ್ಮ್ (ಬೂಮ್ ತುದಿಯ ಮುಂದಿನ ತೋಳು) ಸಿಲಿಂಡರ್‌ಗೆ ಇನ್ನೂ ಸರಿಯಾದ ಜಾಗ ಸಿಕ್ಕಿಲ್ಲ. ಎರಡು ಕಡೆ ಹಾಕಿ ನೋಡಿದೆ, ಎರಡನ್ನೂ ಡಂಪರ್ ತುಂಬುವಾಗ ಕಲ್ಲು ಬಡಿದು ಬಗ್ಗಿಸಿತು. ಮುಂದಿನ ಸಲ ಸೀಲ್ ಕಿಟ್ ಹಾಕಲು ಸಿಲಿಂಡರ್ ಇಳಿಸಿದಾಗ ಪೈಪಿನ ಒಳಬದಿಯಲ್ಲಿ ಕೂರಿಸಿ ನೋಡಬೇಕೆಂದಿದ್ದೇನೆ.