ಸೆಟ್ಲಮೆಂಟ್ ಅಂತ ನಾನೇ ಬರೆದೆ

ಹುಬ್ಬಳ್ಳಿಯ ಒಂದು ದಿನಪತ್ರಿಕೆಯಲ್ಲಿ ನಾನು ಒಂಬತ್ತು ವರ್ಷ ಕ್ರೈಂ ಸುದ್ದಿ ಬರೆದೆ. ಸಂಜೆ ಆರಕ್ಕೆ ಪೊಲೀಸರ ಪ್ರೆಸ್‌ನೋಟ್ ಬರುತ್ತಿತ್ತು. ಅದನ್ನು ಎದುರಿಗಿಟ್ಟುಕೊಂಡು ಚಹಾ ಆರುವುದರೊಳಗೆ ಸುದ್ದಿ ಮುಗಿಸುತ್ತಿದ್ದೆ. ‘ಸರಗಳವು: ಸೆಟ್ಲಮೆಂಟಿನ ಇಬ್ಬರ ಬಂಧನ’. ಸೆಟ್ಲಮೆಂಟ್ ಅಂದರೆ ಹುಬ್ಬಳ್ಳಿಯ ಗಂಗಾಧರ ನಗರವನ್ನು ಊರವರು ಕರೆಯುವ ಹೆಸರು. ಇಂಥ ತಲೆಬರಹ ಎಷ್ಟು ಕೊಟ್ಟಿದ್ದೇನೋ ಲೆಕ್ಕವಿಲ್ಲ. ವಿದ್ಯಾನಗರದವನೊಬ್ಬ ಲಕ್ಷಗಟ್ಟಲೆ ಮೋಸ ಮಾಡಿ ಸಿಕ್ಕಿಬಿದ್ದರೆ ಮಾತ್ರ ಬರೀ ‘ವ್ಯಕ್ತಿ ಬಂಧನ’. ಈ ವ್ಯತ್ಯಾಸ ಆಗ ನನ್ನ ಕಣ್ಣಿಗೇ ಬಿದ್ದಿರಲಿಲ್ಲ.

ಒಂದು ಸಲ ಸೆಟ್ಲಮೆಂಟಿಗೆ ಹೋಗಿದ್ದೆ. ಕಳವಿನ ಸುದ್ದಿಗಲ್ಲ, ನೀರಿನ ಸುದ್ದಿಗೆ. ನಳಕ್ಕೆ ನೀರು ಬಂದು ಎಂಟು ದಿನವಾಗಿತ್ತು. ಖಾಲಿ ಕೊಡಗಳನ್ನು ಸಾಲಾಗಿಟ್ಟು ಕಟ್ಟೆಯ ಮೇಲೆ ಕೂತಿದ್ದ ಅಜ್ಜಿಯೊಬ್ಬರು, “ಯಾವ ಪೇಪರ್‌ನಾವಪಾ ನೀ?” ಅಂದರು. ಹೇಳಿದೆ.

“ಹಂಗಾರ ಬರಿಬ್ಯಾಡ ಬಿಡು. ನನ್ನ ಮೊಮ್ಮಗ ಕೆಲಸದ ಅರ್ಜಿಯೊಳಗ ಗಂಗಾಧರ ನಗರ ಅಂತಷ್ಟ ಬರೀತಾನ. ಸೆಟ್ಲಮೆಂಟ್ ಅಂತ ಬರದ್ರ ಹೊಳ್ಳಿ ಫೋನ್ ಬರಂಗಿಲ್ಲ. ನೀ ನೋಡಿದ್ರ ದಿನಾ ಅದನ್ನ ದೊಡ್ಡ ಅಕ್ಷರದಾಗ ಹಾಕ್ತಿ.”

ಏನು ಹೇಳಬೇಕೋ ತೋಚದೆ ಕೊಡಗಳ ಫೋಟೋ ತೆಗೆದುಕೊಂಡು ಬಂದೆ.

ಸೆಟ್ಲಮೆಂಟ್ ಅನ್ನುವ ಹೆಸರು ಎಲ್ಲಿಂದ ಬಂತು ಅಂತ ಆಮೇಲಷ್ಟೇ ಹುಡುಕಿದೆ. 1871ರಲ್ಲಿ ಬ್ರಿಟಿಷರು ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ತಂದರು. ಕೆಲವು ಜಾತಿಗಳಲ್ಲಿ ಹುಟ್ಟಿದವರೆಲ್ಲ ಹುಟ್ಟಿನಿಂದಲೇ ಕಳ್ಳರು ಅನ್ನುವ ಲೆಕ್ಕ. ಮುಂದೆ ಮುಂಬೈ ಪ್ರಾಂತ್ಯದಲ್ಲಿ ಅಂಥವರನ್ನು ಒಂದೆಡೆ ತಂದಿಡಲು ‘ಸೆಟ್ಲಮೆಂಟ್’ ಅನ್ನುವ ಕಾಲೊನಿ ಮಾಡಿದರು. ಹುಬ್ಬಳ್ಳಿಯಲ್ಲೂ ಇತ್ತು, ಗದಗ-ಬೆಟಗೇರಿಯಲ್ಲೂ ಇತ್ತು. ಹೊತ್ತು ಹೊತ್ತಿಗೆ ಹಾಜರಿ ಕೊಡಬೇಕು, ಹೊರಗೆ ಹೋಗಲು ಪಾಸ್ ಬೇಕು. ಕಾಯ್ದೆ 1952ರಲ್ಲಿ ರದ್ದಾಯಿತು. ಆದರೆ ಆ ಹಾಜರಿ ಪುಸ್ತಕವನ್ನು ನಾನು ದಿನಾ ಸಂಜೆ ಆರಕ್ಕೆ ತುಂಬುತ್ತಿದ್ದೆ ಅಲ್ವಾ ಅನ್ನಿಸಿತು.

ನೀರಿನ ಸುದ್ದಿಯನ್ನು ‘ಗಂಗಾಧರ ನಗರ: ಎಂಟು ದಿನದಿಂದ ನೀರಿಲ್ಲ’ ಅಂತ ಕೊಟ್ಟೆ. ಬೆಳಿಗ್ಗೆ ಪೇಪರ್‌ನಲ್ಲಿ ‘ಸೆಟ್ಲಮೆಂಟಿನಲ್ಲಿ ನೀರಿಗಾಗಿ ಜಗಳ’ ಅಂತ ಬಂದಿತ್ತು. ಜಗಳವೇ ಆಗಿರಲಿಲ್ಲ! ತಲೆಬರಹ ಕೊಡುವ ಡೆಸ್ಕಿನ ಗೆಳೆಯನನ್ನು ಕೇಳಿದರೆ, “ಗಂಗಾಧರ ನಗರ ಅಂದ್ರ ಯಾರಿಗೆ ಗೊತ್ತಾಗ್ತದೋ?” ಅಂದ. ಅವನು ಕೆಟ್ಟವನಲ್ಲ. ಹಿಂದಿನ ದಿನದವರೆಗೂ ನಾನು ಮಾಡಿದ್ದನ್ನೇ ಅವನೂ ಮಾಡಿದ್ದ. ಅಂದಿನಿಂದ ಸುದ್ದಿ ಕಳಿಸಿ ಸುಮ್ನೆ ಮನೆಗೆ ಹೋಗುವುದು ಬಿಟ್ಟೆ. ರಾತ್ರಿ ಹತ್ತಕ್ಕೆ ಫೋನ್ ಮಾಡಿ ತಲೆಬರಹ ಓದಿಸಿಕೊಳ್ಳುತ್ತೇನೆ. ಬೈಗುಳ ಇದ್ದೇ ಇದೆ.

ಪ್ರೆಸ್‌ನೋಟ್ ಬಂದ ಕೂಡಲೇ ಜಾತಿ, ಧರ್ಮ, ಓಣಿಯ ಹೆಸರಿನ ಕೆಳಗೆ ಪೆನ್ನಿನಿಂದ ಗೆರೆ ಎಳೆಯುವುದನ್ನು ರೂಢಿ ಮಾಡಿಕೊಂಡೆ. ಅದನ್ನು ತೆಗೆದರೆ ಸುದ್ದಿಗೆ ಏನಾದರೂ ಕೊರತೆಯಾಗುತ್ತದೆಯೇ? ಇಲ್ಲವಾದರೆ ತೆಗೆದೆ. ‘ಅನ್ಯಕೋಮಿನ ಯುವಕ’ ಅನ್ನುವುದನ್ನಂತೂ ಪೂರ್ತಿ ಬಿಟ್ಟೆ. ಹಳೇ ಹುಬ್ಬಳ್ಳಿಯಲ್ಲಿ ದುಡ್ಡು ಕೊಟ್ಟು ನಮ್ಮ ಪೇಪರ್ ಕೊಳ್ಳುವ ಹುಡುಗನಿಗೆ ಯಾರು ಅನ್ಯ? ಜಾತಿಯನ್ನು ಕಾರಣವಿಲ್ಲದೆ ಎಳೆದು ತರಬಾರದು ಅಂತ ಭಾರತೀಯ ಪತ್ರಿಕಾ ಮಂಡಳಿಯ ನಿಯಮಗಳಲ್ಲೇ ಇದೆ. ಅದನ್ನು ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿದೆ. ಯಾರೂ ಓದಲಿಲ್ಲ, ಅದು ಬೇರೆ ಮಾತು.

ಆದರೆ ಗೆರೆ ಎಳೆಯುವುದೂ ಕೈಚಟವಾಗಿಬಿಟ್ಟಿತು. ಹಾವೇರಿ ಜಿಲ್ಲೆಯ ಒಂದು ಹಳ್ಳಿಯಲ್ಲಿ ಹೋಟೆಲ್ ಒಳಗೆ ಕೂತು ಚಹಾ ಕುಡಿದರು ಅಂತ ದಲಿತ ಹುಡುಗರಿಗೆ ಹೊಡೆದಿದ್ದರು. ನಾನು ಜಾತಿಯ ಕೆಳಗೆ ಗೆರೆ ಎಳೆದು, ಅದನ್ನು ತೆಗೆದು ‘ಎರಡು ಗುಂಪುಗಳ ನಡುವೆ ಮಾರಾಮಾರಿ’ ಅಂತ ಬರೆದೆ. ಬಹಳ ಜವಾಬ್ದಾರಿಯಿಂದ ಬರೆದೆ ಅಂದುಕೊಂಡಿದ್ದೆ. ಬೆಳಿಗ್ಗೆ ಏಳಕ್ಕೆ ಫೋನ್ ಬಂತು.

“ಸರ್, ಎರಡನೇ ಗುಂಪು ಎಲ್ಲಿತ್ರಿ? ನಾವು ನಾಕ್ ಮಂದಿ ಚಾ ಕುಡ್ಯಾಕ ಹೋಗಿದ್ವಿ.”

ಹೊಡೆತಕ್ಕೆ ಜಾತಿಯೇ ಕಾರಣವಾಗಿತ್ತು. 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಕೇಸೂ ಆಗಿತ್ತು. ಅಲ್ಲಿ ಜಾತಿ ತೆಗೆದಿದ್ದರಿಂದ ಉಳಿದದ್ದು ಹೊಡೆದವರ ಮಾನವೇ ಹೊರತು ಏಟು ತಿಂದವರದಲ್ಲ. ಬಸ್ ಹತ್ತಿ ಹೋದೆ. ನಾಲ್ವರ ಜೊತೆಯೂ ಮಾತಾಡಿದೆ. ಯಾರು, ಯಾರಿಗೆ, ಯಾಕೆ ಹೊಡೆದರು ಅಂತ ಬಿಡಿಸಿ ಬರೆದೆ. ಮಾರಾಮಾರಿ ಸುದ್ದಿ ಮುಖಪುಟದಲ್ಲಿ ಬಂದಿತ್ತು. ಇದು ಬಂದದ್ದು ಏಳನೇ ಪುಟದಲ್ಲಿ, ಎರಡು ಕಾಲಂ.